ಫಲಕ ಬೇಡ, ವೇಳಾಪಟ್ಟಿ ತೋರಿಸಿ: ಕಲಿಕಾ ನ್ಯೂನತೆಯಿರುವ ಮಗುವಿಗೆ ಶಾಲೆ ಹುಡುಕುವ ಬಗೆ

ಮೂರನೇ ತರಗತಿಯ ಒಬ್ಬ ಹುಡುಗಿಯ ನೋಟ್‌ಬುಕ್ ತೆರೆದು ನೋಡಿ. ಹಲಗೆಯ ಮೇಲಿದ್ದದ್ದೆಲ್ಲ ಅಚ್ಚುಕಟ್ಟಾಗಿ ಇಳಿದಿದೆ. ಅಕ್ಷರ ದುಂಡಗಿದೆ, ಸಾಲು ಓರೆಯಾಗಿಲ್ಲ, ಕೆಳಗೆ ಕೆಂಪು ಶಾಯಿಯ ಸರಿ ಗುರುತೂ ಇದೆ. ಈಗ ಪುಟದ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ಓದು ಎನ್ನಿ. ಮೊದಲ ಅಕ್ಷರ ಹೇಳುತ್ತಾಳೆ, ನಿಮ್ಮ ಮುಖ ನೋಡುತ್ತಾಳೆ, ಆಮೇಲೆ ಆ ಅಕ್ಷರದಿಂದ ಶುರುವಾಗುವ, ತನಗೆ ಗೊತ್ತಿರುವ ಯಾವುದೋ ಪದ ಹೇಳಿ ಸುಮ್ಮನಾಗುತ್ತಾಳೆ. ಇಡೀ ಪುಟವನ್ನು ಅವಳು ಬರೆದಿರಲಿಲ್ಲ, ಚಿತ್ರದಂತೆ ಬಿಡಿಸಿದ್ದಳು.

ಅಂಥ ಮಗುವಿನ ಪ್ರಗತಿ ಪತ್ರದಲ್ಲಿ ವರ್ಷವರ್ಷವೂ ಒಂದೇ ಷರಾ: 'ಬುದ್ಧಿವಂತೆ, ಆದರೆ ಗಮನ ಕೊಡುವುದಿಲ್ಲ.' ಅಂಕ ಇಳಿದು, ಬೆಳಗಾದರೆ ಹೊಟ್ಟೆನೋವು ಎಂದು ಮಗು ಹಾಸಿಗೆ ಬಿಡದಿರುವ ಹೊತ್ತಿಗೆ ಯಾರೋ ಒಬ್ಬರು ಪರೀಕ್ಷೆ ಮಾಡಿಸಿ ಎನ್ನುತ್ತಾರೆ. ವರದಿ ಬರುತ್ತದೆ: ನಿರ್ದಿಷ್ಟ ಕಲಿಕಾ ನ್ಯೂನತೆ, ಅಂದರೆ ಬುದ್ಧಿ ಚುರುಕಾಗಿದ್ದರೂ ಓದು, ಬರಹ ಇಲ್ಲವೇ ಲೆಕ್ಕ ಕಲಿಯುವುದರಲ್ಲಿ ತೊಡಕು. ಅಲ್ಲಿಂದ ಹೆತ್ತವರ ಅಲೆದಾಟ ಶುರು. ಯಾವ ಶಾಲೆ ಒಳ್ಳೆಯದು? ವಿಶೇಷ ಶಾಲೆಯೋ, ಎಲ್ಲ ಮಕ್ಕಳೂ ಹೋಗುವ ಶಾಲೆಯೋ?

ಈ ಪ್ರಶ್ನೆಯೇ ಸ್ವಲ್ಪ ಹಳಿ ತಪ್ಪಿದೆ ಎಂಬುದು ನನ್ನ ಅಭಿಪ್ರಾಯ. ಶಾಲೆಯ ಫಲಕದ ಮೇಲೆ ಏನು ಬರೆದಿದೆ ಎಂಬುದು ನಿಮಗೆ ಹೆಚ್ಚೇನೂ ಹೇಳುವುದಿಲ್ಲ. ನಿಮ್ಮ ಮಗುವಿಗೆ ವಾರದಲ್ಲಿ ಎಷ್ಟು ನಿಮಿಷ, ಯಾರು, ಯಾವ ಕ್ರಮದಲ್ಲಿ ಓದು ಕಲಿಸುತ್ತಾರೆ ಎಂಬುದು ಬಹಳಷ್ಟು ಹೇಳುತ್ತದೆ. ಮುಖ್ಯಸ್ಥರ ಕೊಠಡಿಯಲ್ಲಿ ಕೂತು ಬಣ್ಣದ ಕರಪತ್ರ ತಿರುವಿ ಹಾಕುವ ಬದಲು ವೇಳಾಪಟ್ಟಿ ಕೇಳುವುದು ಲೇಸು.

ಪರ್ಸಿಯ ಮೇಷ್ಟರು ಹೇಳಿದ್ದು

1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಪರ್ಸಿ ಎಂಬ 14 ವರ್ಷದ ಹುಡುಗನ ಬಗ್ಗೆ ಬರೆದರು. ಆಟದಲ್ಲಿ ಚುರುಕು, ಲೆಕ್ಕಕ್ಕೆ ಹೆದರುವವನಲ್ಲ. ಏಳನೆಯ ವಯಸ್ಸಿನಿಂದ ಶಾಲೆಯಲ್ಲೂ ಖಾಸಗಿ ಶಿಕ್ಷಕರಲ್ಲೂ ಪಾಠ ಹೇಳಿಸಿಕೊಂಡಿದ್ದ. ಆದರೂ ಚಿಕ್ಕ ಚಿಕ್ಕ ಪದಗಳಲ್ಲೇ ತಡವರಿಸುತ್ತಿದ್ದ. ತನ್ನ ಹೆಸರನ್ನೇ 'ಪ್ರೆಸಿ' ಎಂದು ಬರೆದಿದ್ದ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಇಡೀ ಶಾಲೆಗೆ ಇವನೇ ಜಾಣ ಎಂದು ಅವನ ಮೇಷ್ಟರು ಹೇಳಿದ್ದನ್ನೂ ಮಾರ್ಗನ್ ದಾಖಲಿಸಿದ್ದಾರೆ. ಆ ಮೇಷ್ಟರನ್ನು ನಾನು ಮೆಚ್ಚುತ್ತೇನೆ. ನೂರಿಪ್ಪತ್ತು ವರ್ಷಕ್ಕೂ ಹಿಂದೆ, ಓದಿನ ಈ ತೊಡಕಿನ ಡಿಸ್ಲೆಕ್ಸಿಯಾ ಎಂಬ ಹೆಸರು ವೈದ್ಯರ ವಲಯದಾಚೆ ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ, ಅವರು ಹುಡುಗನನ್ನು ದಡ್ಡ ಎನ್ನಲಿಲ್ಲ, ಸೋಮಾರಿ ಎನ್ನಲಿಲ್ಲ. ತೊಂದರೆ ಎಲ್ಲಿದೆ, ಎಲ್ಲಿಲ್ಲ ಎಂದು ಬೇರ್ಪಡಿಸಿ ನೋಡಿದ್ದರು.

'ಕಲಿಕಾ ನ್ಯೂನತೆ' ಎಂಬ ಕೊಡೆಯಂಥ ಪದ ಬಳಕೆಗೆ ಬಂದದ್ದು ಬಹಳ ತಡವಾಗಿ. 1963ರಲ್ಲಿ ಷಿಕಾಗೊದಲ್ಲಿ ಇಂಥ ಮಕ್ಕಳ ಹೆತ್ತವರ ಸಭೆಯೊಂದರಲ್ಲಿ ಮನೋವಿಜ್ಞಾನಿ ಸ್ಯಾಮ್ಯುಯೆಲ್ ಕರ್ಕ್ ಅದನ್ನು ಮುಂದಿಟ್ಟರು. ಓದಿನ ತೊಡಕಾದ ಡಿಸ್ಲೆಕ್ಸಿಯಾ, ಬರವಣಿಗೆಯ ಡಿಸ್ಗ್ರಾಫಿಯಾ, ಲೆಕ್ಕದ ಡಿಸ್ಕ್ಯಾಲ್ಕುಲಿಯಾ ಈ ಕೊಡೆಯ ಕೆಳಗೆ ಬರುತ್ತವೆ. ಅಂತರ್ಜಾಲದಲ್ಲಿ ಹುಡುಕುವವರಿಗೆ ಒಂದು ಎಚ್ಚರಿಕೆ: ಇದರ ಇಂಗ್ಲಿಷ್ ಪದ 'ಲರ್ನಿಂಗ್ ಡಿಸೆಬಿಲಿಟಿ' ಬ್ರಿಟನ್ನಿನಲ್ಲಿ ಬೌದ್ಧಿಕ ಬೆಳವಣಿಗೆಯ ಕುಂಠಿತಕ್ಕೆ ಬಳಕೆಯಾಗುತ್ತದೆ. ಅಲ್ಲಿನ ಬರಹವನ್ನು ಓದಿ ತಮ್ಮ ಮಗುವಿನ ಬುದ್ಧಿಶಕ್ತಿಯ ಬಗ್ಗೆಯೇ ಹೆದರಿ ರಾತ್ರಿ ನಿದ್ದೆಗೆಟ್ಟವರು ಕಡಿಮೆಯಿಲ್ಲ. ಎರಡೂ ಬೇರೆ ಬೇರೆ ಸ್ಥಿತಿಗಳು, ಬೇಕಾಗುವ ಶಾಲೆಯೂ ಬೇರೆ.

ಶಾಲಾ ವಯಸ್ಸಿನ ಮಕ್ಕಳಲ್ಲಿ ಶೇ 5ರಿಂದ 15ರಷ್ಟು ಮಂದಿಗೆ ಓದು, ಬರಹ, ಲೆಕ್ಕಗಳಲ್ಲಿ ಒಂದಲ್ಲ ಒಂದು ಬಗೆಯ ನ್ಯೂನತೆ ಇರುತ್ತದೆ ಎಂದು ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಕೈಪಿಡಿ ಹೇಳುತ್ತದೆ. 40 ಮಕ್ಕಳ ತರಗತಿಗೆ ಇಬ್ಬರಿಂದ ಆರು ಮಂದಿ. 'ನಮ್ಮ ಶಾಲೆಯಲ್ಲಿ ಅಂಥ ಮಕ್ಕಳೇ ಇಲ್ಲ' ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ ಎರಡೇ ಅರ್ಥ: ಇರುವವರು ಅವರ ಕಣ್ಣಿಗೆ ಬಿದ್ದಿಲ್ಲ, ಇಲ್ಲವೇ ಬಿದ್ದವರನ್ನು ಹೊರಗೆ ಕಳಿಸಿದ್ದಾರೆ. ಚಹಾ ಬರುವ ಮೊದಲೇ ಎದ್ದು ಬರಬಹುದು.

ವೇಳಾಪಟ್ಟಿಯನ್ನು ಓದುವುದು

ಇಂದು ಎಷ್ಟೋ ಶಾಲೆಗಳಲ್ಲಿ ವಿಶೇಷ ಶಿಕ್ಷಕಿ ಇರುತ್ತಾರೆ, ಇಂಥ ಮಕ್ಕಳಿಗೆ ಬೇರೆಯಾಗಿ ಕಲಿಸುವ ರಿಸೋರ್ಸ್ ರೂಮ್ ಎಂಬ ಕೊಠಡಿ ಇರುತ್ತದೆ, ಗೋಡೆಯ ಮೇಲೆ ಬಣ್ಣದ ಅಕ್ಷರಗಳಿರುತ್ತವೆ. ಅಷ್ಟು ನೋಡಿ ಸಮಾಧಾನಪಡುವುದು ಸುಲಭ. ಮುಂದಿನ ಪ್ರಶ್ನೆ ಕೇಳಿ: ನನ್ನ ಮಗಳು ಈ ಕೊಠಡಿಗೆ ಯಾವ ಪಿರಿಯಡ್‌ನಲ್ಲಿ ಬರುತ್ತಾಳೆ?

ಉತ್ತರ ಬಹಳ ಸಲ 'ಆಟದ ಪಿರಿಯಡ್' ಎಂದೋ 'ಚಿತ್ರಕಲೆ' ಎಂದೋ ಬರುತ್ತದೆ. ಶಾಲೆಯ ಲೆಕ್ಕದಲ್ಲಿ ಅದು ಜಾಣತನ, 'ಮುಖ್ಯ ವಿಷಯ' ತಪ್ಪುವುದಿಲ್ಲವಲ್ಲ. ಮಗುವಿನ ಲೆಕ್ಕವೇ ಬೇರೆ. ದಿನವಿಡೀ ಸೋಲುವ ಮಗು ಗೆಲ್ಲುವ ಒಂದೇ ಒಂದು ಗಂಟೆಯನ್ನು ಕಿತ್ತುಕೊಂಡು, ಅದರಲ್ಲಿ ಇನ್ನಷ್ಟು ಓದಿಸಿದರೆ ಆ ಕೊಠಡಿಯ ಬಾಗಿಲು ಅವಳಿಗೆ ಶಿಕ್ಷೆಯ ಬಾಗಿಲಾಗುತ್ತದೆ. ಭಾಷೆಯ ಪಿರಿಯಡ್‌ನಲ್ಲೇ, ತರಗತಿಯವರು ತನಗೆ ಎಟುಕದ ಪಾಠ ಓದುತ್ತಿರುವ ಹೊತ್ತಿನಲ್ಲೇ, ಅವಳಿಗೆ ಎಟುಕುವುದನ್ನು ಕಲಿಸುವ ಶಾಲೆ ಯೋಚನೆ ಮಾಡಿದೆ ಎಂದು ತಿಳಿಯಬಹುದು.

ಎರಡನೆಯದು ಒಟ್ಟು ಸಮಯ. ಅಮೆರಿಕದ ಮನೋವಿಜ್ಞಾನಿ ಜೋಸೆಫ್ ಟೋರ್ಗೆಸನ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದವರಿಗೆಲ್ಲ ಪರಿಚಿತ. ಓದಿನಲ್ಲಿ ತೀರಾ ಹಿಂದುಳಿದಿದ್ದ, 8ರಿಂದ 10 ವರ್ಷದ 60 ಮಕ್ಕಳಿಗೆ ಒಬ್ಬರಿಗೊಬ್ಬ ಶಿಕ್ಷಕರಂತೆ ದಿನಕ್ಕೆ 50 ನಿಮಿಷದ ಎರಡು ಪಾಠ, ಸುಮಾರು ಎಂಟು ವಾರ, ಒಟ್ಟು 67.5 ಗಂಟೆ. ಗಳಿಸಿದ್ದು ಎರಡು ವರ್ಷದ ಬಳಿಕವೂ ಉಳಿದಿತ್ತು. ಸುಮಾರು ಶೇ 40ರಷ್ಟು ಮಕ್ಕಳಿಗೆ ವರ್ಷದೊಳಗೆ ವಿಶೇಷ ಶಿಕ್ಷಣದ ಅಗತ್ಯವೇ ಉಳಿಯಲಿಲ್ಲ. ಈಗ ನಿಮ್ಮ ಕೈಯಲ್ಲಿರುವ ವೇಳಾಪಟ್ಟಿಗೆ ಬನ್ನಿ. ವಾರಕ್ಕೆ 40 ನಿಮಿಷದ ಎರಡು ಪಿರಿಯಡ್, ವರ್ಷಕ್ಕೆ 36 ವಾರ ಎಂದರೆ 48 ಗಂಟೆ. ಅದರಲ್ಲೂ ಕೊಠಡಿಯಲ್ಲಿ ಆರು ಮಕ್ಕಳಿದ್ದು, ಶಿಕ್ಷಕಿಗೆ ಪರೀಕ್ಷಾ ಮೇಲ್ವಿಚಾರಣೆ, ವಾರ್ಷಿಕೋತ್ಸವದ ತಯಾರಿ ಬಂದಾಗಲೆಲ್ಲ ಪಾಠ ರದ್ದು. ಹೀಗಿರುವಾಗ 'ಎರಡು ವರ್ಷದಿಂದ ವಿಶೇಷ ತರಬೇತಿ ಕೊಡಿಸುತ್ತಿದ್ದೇವೆ, ಏನೂ ಪ್ರಯೋಜನವಿಲ್ಲ' ಎಂದು ಮಗುವಿನ ಮೇಲೆ ತಪ್ಪು ಹೊರಿಸುವುದು ಅನ್ಯಾಯ. ಔಷಧ ಕೆಲಸ ಮಾಡಲಿಲ್ಲ ಎನ್ನುವ ಮೊದಲು ಪ್ರಮಾಣ ನೋಡಬೇಡವೇ?

ಮೂರನೆಯದು ಕ್ರಮ. ಅಮೆರಿಕದ ರಾಷ್ಟ್ರೀಯ ವಾಚನ ಸಮಿತಿ 2000ದಲ್ಲಿ ಕೊಟ್ಟ ವರದಿಯ ತಿರುಳು, ಮಾತಿನ ಧ್ವನಿಗಳನ್ನು ಬಿಡಿಸಿ ಕೇಳುವುದನ್ನೂ ಧ್ವನಿ ಮತ್ತು ಅಕ್ಷರದ ನಂಟನ್ನೂ ಕ್ರಮಬದ್ಧವಾಗಿ, ನೇರವಾಗಿ ಕಲಿಸಿದರೆ ಮಕ್ಕಳ ಓದು ಸುಧಾರಿಸುತ್ತದೆ ಎಂಬುದು. ಕ್ರಮಬದ್ಧ ಎಂಬ ಪದ ಕೇಳಲು ಸಪ್ಪೆ. ಕನ್ನಡ ಕಲಿಸುವಾಗ ಅದರ ಅರ್ಥ ಏನೆಂದು ನೋಡಿ. 'ಭಕ್ತಿ' ಎಂಬ ಪದ ತೆಗೆದುಕೊಳ್ಳೋಣ. ಕಣ್ಣಿಗೆ ಗುಡಿಸು ಕಕಾರದ ಮೇಲೆ ಕಾಣುತ್ತದೆ, ಕಿವಿಗೆ ಅದು ತಕಾರದ ಜೊತೆಗೆ ಕೇಳುತ್ತದೆ. ನೋಡಿದ ಕ್ರಮದಲ್ಲೇ ಓದಿದ ಮಗು 'ಭಕಿತ' ಎಂದರೆ ಅದರಲ್ಲಿ ತರ್ಕವಿದೆ. ಅರ್ಕಾವತ್ತಿನಲ್ಲಂತೂ ಮೊದಲು ಉಚ್ಚರಿಸಬೇಕಾದ ರಕಾರ ಕೊನೆಗೆ ಬಂದು ಕೂರುತ್ತದೆ. ಓದು ಬಲ್ಲ ನಮಗೆ ಇದು ಕಾಣುವುದೇ ಇಲ್ಲ. ಡಿಸ್ಲೆಕ್ಸಿಯಾ ಇರುವ ಮಗುವಿಗೆ ಇದನ್ನು ಯಾರಾದರೂ ಬಾಯಿಬಿಟ್ಟು ಹೇಳಿಕೊಡಬೇಕು, ಹತ್ತು ಪದಗಳಲ್ಲಿ ತೋರಿಸಬೇಕು, ಮುಂದಿನ ವಾರ ಮತ್ತೆ ಕೇಳಬೇಕು. ಕನ್ನಡ ಓದಿನ ಕಲಿಕೆಯ ಬಗ್ಗೆ ಸಂಶೋಧಕಿ ಸೊನಾಲಿ ನಾಗ್ ಅವರ 2007ರ ಅಧ್ಯಯನದ ಪ್ರಕಾರ ಸಾಮಾನ್ಯ ಮಕ್ಕಳಿಗೂ ಕನ್ನಡದ ಅಕ್ಷರ ಭಂಡಾರ ಪೂರ್ತಿ ಕೈವಶವಾಗಲು ಪ್ರಾಥಮಿಕ ಶಾಲೆಯ ಹಲವು ವರ್ಷಗಳೇ ಬೇಕಾಗುತ್ತವೆ.

ಆದ್ದರಿಂದ ವಿಶೇಷ ಶಿಕ್ಷಕಿಯನ್ನು ಭೇಟಿಯಾದಾಗ ಅವರ ಪದವಿಗಳ ಪಟ್ಟಿಗಿಂತ ಒಂದು ಸಣ್ಣ ಪ್ರಶ್ನೆ ಹೆಚ್ಚು ಉಪಯುಕ್ತ. ನಿಮ್ಮಲ್ಲಿ ಈಗಿರುವ ಒಂದು ಮಗು, ಹೆಸರು ಬೇಡ, ಓದಿನಲ್ಲಿ ಎಲ್ಲಿಗೆ ಬಂದಿದೆ? 'ಪರವಾಗಿಲ್ಲ, ಸುಧಾರಿಸಿದ್ದಾನೆ, ಆತ್ಮವಿಶ್ವಾಸ ಬಂದಿದೆ' ಎಂದರೆ ನಿಮಗೆ ಏನೂ ತಿಳಿದಂತಾಗಲಿಲ್ಲ. 'ಕಾಗುಣಿತ ಮುಗಿದಿದೆ, ಸಜಾತೀಯ ಒತ್ತಕ್ಷರ ಓದುತ್ತಾನೆ, ವಿಜಾತೀಯದಲ್ಲಿ ಎಡವುತ್ತಾನೆ, ನಿಮಿಷಕ್ಕೆ 28 ಪದ, ಮೂರು ತಿಂಗಳ ಹಿಂದೆ 17 ಇತ್ತು' ಎಂದರೆ ಕುರ್ಚಿ ಎಳೆದುಕೊಂಡು ಕೂತುಬಿಡಿ. ಇಂಗ್ಲಿಷ್ ಕಲಿಸುವವರಾದರೆ ಉತ್ತರದ ವಿವರ ಬದಲಾಗುತ್ತದೆ, ಗುಣ ಬದಲಾಗುವುದಿಲ್ಲ.

ಸಾಮಾನ್ಯ ತರಗತಿಯ ಶಿಕ್ಷಕರನ್ನೂ ಕಾಣದೆ ಬರಬೇಡಿ, ಮಗು ದಿನದ ಬಹುಪಾಲು ಕಳೆಯುವುದು ಅವರೊಂದಿಗೆ. ಪಾಠವನ್ನು ಸರದಿಯಲ್ಲಿ ಗಟ್ಟಿಯಾಗಿ ಓದಿಸುತ್ತೀರಾ ಎಂದು ಕೇಳಿ. ಓದಲು ಬಾರದ ಮಗು ಆ ಪಿರಿಯಡ್‌ನಲ್ಲಿ ಪಾಠ ಕೇಳುವುದಿಲ್ಲ. ಮುಂದೆ ಎಷ್ಟು ತಲೆಗಳಿವೆ ಎಂದು ಎಣಿಸಿ, ತನ್ನ ಪಾಲಿಗೆ ಬೀಳುವ ಪ್ಯಾರಾ ಯಾವುದೆಂದು ಗುರುತಿಸಿ, ಅದನ್ನು ಬಾಯಿಪಾಠ ಮಾಡಲು ನೋಡುತ್ತದೆ. ಆಗದಿದ್ದರೆ ಸರಿಯಾದ ಹೊತ್ತಿಗೆ ಶೌಚಾಲಯಕ್ಕೆ ಕೈಯೆತ್ತುತ್ತದೆ. ಇದನ್ನು ಗಮನಿಸಿರುವ ಶಿಕ್ಷಕರು ಪ್ರಶ್ನೆ ಪೂರ್ತಿಯಾಗುವ ಮೊದಲೇ ನಗುತ್ತಾರೆ.

ರಿಯಾಯಿತಿ ಒಂದು, ಕಲಿಸುವುದು ಇನ್ನೊಂದು

ಶಾಲೆಗಳು ತಮ್ಮ ಸೌಲಭ್ಯ ಎಂದು ಹೇಳಿಕೊಳ್ಳುವುದರಲ್ಲಿ ಹೆಚ್ಚಿನವು ರಿಯಾಯಿತಿಗಳು. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಪ್ರಶ್ನೆ ಓದಿಹೇಳುವವರು, ಉತ್ತರ ಬರೆದುಕೊಡುವವರು, ಕಾಗುಣಿತದ ತಪ್ಪಿಗೆ ಅಂಕ ಕಳೆಯದಿರುವುದು, ಒಂದು ಭಾಷೆಯಿಂದ ವಿನಾಯಿತಿ. ಇವನ್ನು ದಯೆ ಎಂದು ತಿಳಿಯುವವರೂ ಇದ್ದಾರೆ, ಅನ್ಯಾಯದ ಲಾಭ ಎಂದು ಗೊಣಗುವವರೂ ಇದ್ದಾರೆ. ಎರಡೂ ತಪ್ಪು. ಮೇಲೆ ಹೇಳಿದ ಟೋರ್ಗೆಸನ್ ಅಧ್ಯಯನದಲ್ಲೇ ಒಂದು ಕಹಿ ಸಂಗತಿಯಿದೆ: ಮಕ್ಕಳ ಓದು ತಪ್ಪಿಲ್ಲದಂತಾಯಿತು, ಅರ್ಥಗ್ರಹಣ ಸುಧಾರಿಸಿತು, ವೇಗ ಮಾತ್ರ ಓರಗೆಯವರನ್ನು ಮುಟ್ಟಲಿಲ್ಲ. ಎಷ್ಟು ಚೆನ್ನಾಗಿ ಕಲಿಸಿದರೂ ನಿಧಾನ ಉಳಿಯಬಹುದು. ಹೆಚ್ಚುವರಿ ಅರ್ಧ ಗಂಟೆ ಆ ನಿಧಾನಕ್ಕೆ ಸಲ್ಲಬೇಕಾದ ನ್ಯಾಯ.

ಆದರೆ ರಿಯಾಯಿತಿಯನ್ನೇ ಶಿಕ್ಷಣವೆಂದು ಕೊಟ್ಟು ಕೈತೊಳೆದುಕೊಳ್ಳುವ ಶಾಲೆಗಳ ಬಗ್ಗೆ ನನಗೆ ಸಿಟ್ಟಿದೆ. ಎರಡನೇ ತರಗತಿಯಲ್ಲೇ ಎಲ್ಲವನ್ನೂ ಓದಿಹೇಳಲು ಒಬ್ಬರನ್ನು ಕೂರಿಸಿದರೆ ಶಾಲೆಗೆ ನೆಮ್ಮದಿ, ಅಂಕ ಬಂತೆಂದು ಮನೆಯವರಿಗೂ ನೆಮ್ಮದಿ. ಹದಿನಾರನೆಯ ವಯಸ್ಸಿನಲ್ಲಿ ಆ ಹುಡುಗ ಬಸ್ಸಿನ ಬೋರ್ಡ್ ಓದಲು ಪಕ್ಕದವರನ್ನು ಕೇಳುತ್ತಿರುತ್ತಾನೆ. ಭಾಷಾ ವಿನಾಯಿತಿಯಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಕೆಲವು ಮಕ್ಕಳಿಗೆ ಅದು ಉಸಿರಾಡಲು ಕೊಟ್ಟ ಅವಕಾಶ, ನಿಜ. ಆದರೆ ಇಂದು ಬಿಟ್ಟ ಭಾಷೆ ನಾಳೆ ಯಾವ ಕೋರ್ಸಿನ, ಯಾವ ಕೆಲಸದ ಬಾಗಿಲು ಮುಚ್ಚುತ್ತದೆ ಎಂದು ಸಹಿ ಹಾಕುವ ಮೊದಲು ಕೇಳದೆ ಇರಬಾರದು. ಉತ್ತರ ಬರೆದುಕೊಡುವವರನ್ನು ಪರೀಕ್ಷೆಯ ದಿನ ಮೊದಲ ಬಾರಿಗೆ ಪರಿಚಯಿಸುವುದೂ ಮಾಮೂಲು. ಮನಸ್ಸಿನಲ್ಲಿ ವಾಕ್ಯ ಕಟ್ಟಿ, ಅಪರಿಚಿತರಿಗೆ ಅರ್ಥವಾಗುವಂತೆ ಹೇಳಿ, ಅವರು ಬರೆಯುವವರೆಗೆ ಮುಂದಿನ ವಾಕ್ಯವನ್ನು ಹಿಡಿದಿಟ್ಟುಕೊಳ್ಳುವುದು ದೊಡ್ಡವರಿಗೂ ಕಷ್ಟದ ಕೆಲಸ. ತಿಂಗಳುಗಟ್ಟಲೆ ಅಭ್ಯಾಸ ಮಾಡಿಸುವ ಶಾಲೆ ಸಿಕ್ಕರೆ ಅದೊಂದು ಒಳ್ಳೆಯ ಲಕ್ಷಣ.

ಅದೇ ಶಾಲೆಯೋ, ಬೇರೆಯದೋ?

1994ರಲ್ಲಿ ಸ್ಪೇನಿನ ಸಲಮಾಂಕಾದಲ್ಲಿ 92 ಸರ್ಕಾರಗಳ ಪ್ರತಿನಿಧಿಗಳು ಸೇರಿ, ಎಲ್ಲ ಮಕ್ಕಳೂ ಸಾಮಾನ್ಯ ಶಾಲೆಯಲ್ಲೇ ಕಲಿಯುವಂತಾಗಬೇಕು ಎಂಬ ಘೋಷಣೆ ಹೊರಡಿಸಿದರು. 2006ರ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿ ಅದಕ್ಕೆ ಕಾನೂನಿನ ಬಲ ಕೊಟ್ಟಿತು. ತತ್ವದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಒಂದೇ ಬೆಂಚಿನಲ್ಲಿ ಕೂರಿಸಿದ ಮಾತ್ರಕ್ಕೆ ಒಳಗೊಂಡಂತಾಗುವುದಿಲ್ಲ. ಕೊನೆಯ ಸಾಲಿನಲ್ಲಿ ಬಣ್ಣ ತುಂಬುತ್ತಾ ಮೂರು ವರ್ಷ ಕಳೆಯುವ ಮಗು ಸಾಮಾನ್ಯ ಶಾಲೆಯಲ್ಲಿದ್ದೂ ಅದರ ಹೊರಗಿದೆ.

ವಿಶೇಷ ಶಾಲೆಯಲ್ಲಿ ಹತ್ತು ಹನ್ನೆರಡು ಮಕ್ಕಳ ತರಗತಿ, ತರಬೇತಿ ಪಡೆದವರು, ಎಲ್ಲಕ್ಕಿಂತ ಹೆಚ್ಚಾಗಿ 'ನನ್ನ ಹಾಗೆ ಇನ್ನೊಬ್ಬರಿದ್ದಾರೆ' ಎಂಬ ಸಮಾಧಾನ ಸಿಗುತ್ತದೆ. ಮನೆಯಲ್ಲಿ ಮಾತು ನಿಲ್ಲಿಸಿದ್ದ ಮಗು ಅಲ್ಲಿಗೆ ಹೋದ ತಿಂಗಳಲ್ಲೇ ಹರಟೆ ಶುರು ಮಾಡಿದ್ದುಂಟು. ಕೊಡಬೇಕಾದ ಬೆಲೆ ಬೇರೆ ರೂಪದ್ದು: ಪಠ್ಯವನ್ನು ತೆಳುವಾಗಿಸಿರಬಹುದು, ವಿಜ್ಞಾನದಲ್ಲಿ ಚುರುಕಾದ ಹುಡುಗನಿಗೆ ಪ್ರಯೋಗಾಲಯವೇ ಇಲ್ಲದಿರಬಹುದು. ಹಿಂದಿರುಗುವ ದಾರಿ ಇದೆಯೇ ಎಂಬುದೇ ಅಲ್ಲಿ ಮುಖ್ಯ ಪ್ರಶ್ನೆ. ಮಕ್ಕಳು ಇಲ್ಲಿ ಸರಾಸರಿ ಎಷ್ಟು ವರ್ಷ ಇರುತ್ತಾರೆ, ಕಳೆದ ವರ್ಷ ಬಿಟ್ಟುಹೋದವರು ಎಲ್ಲಿಗೆ ಹೋದರು ಎಂದು ಕೇಳಿ. ಉತ್ತರ ಕೊಡಲು ಶಾಲೆ ಕಡತ ತೆರೆದರೆ ಒಳ್ಳೆಯದು, ಸಾಧಕರ ಫೋಟೊಗಳತ್ತ ಕೈ ತೋರಿಸಿದರೆ ಅನುಮಾನಿಸಿ.

ಓದು ಇನ್ನೂ ಅಡಿಪಾಯದಲ್ಲೇ ಕುಸಿದಿದ್ದು, ಮಗುವಿನ ಮನಸ್ಸೂ ಮುರಿದಿದ್ದರೆ ಎರಡು ಮೂರು ವರ್ಷದ ಮಟ್ಟಿಗೆ ವಿಶೇಷ ಶಾಲೆ ಸರಿಯಾದ ಆಯ್ಕೆ ಎನಿಸುತ್ತದೆ. ತೊಡಕು ಸೌಮ್ಯವಾಗಿದ್ದು, ಗೆಳೆಯರಿದ್ದು, ಈಗಿನ ಶಾಲೆ ಕಿವಿಗೊಡುವಂಥದ್ದಾದರೆ ಅದನ್ನು ಬಿಡುವ ಅಗತ್ಯವೇ ಇಲ್ಲದಿರಬಹುದು. ಶಾಲೆ ಬದಲಿಸುವುದು ಮಗುವಿಗೆ ಪುಕ್ಕಟೆಯಲ್ಲ. ಪ್ರತಿ ಬಾರಿಯೂ ಹೊಸಬರ ಮುಂದೆ ತನಗೆ ಓದಲು ಬರುವುದಿಲ್ಲ ಎಂಬುದನ್ನು ಮತ್ತೆ ಮೊದಲಿನಿಂದ ಒಪ್ಪಿಕೊಳ್ಳಬೇಕು.

ಕಲಿಕಾ ಮಾಧ್ಯಮದ ಪ್ರಶ್ನೆಗೆ ಒಂದು ಹಳೆಯ ಸೂತ್ರ ನೆರವಾಗುತ್ತದೆ. ಓದಿನ ಸಂಶೋಧಕರಾದ ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ 1986ರಲ್ಲಿ ಹೇಳಿದಂತೆ ಅರ್ಥವಾಗುವ ಓದು ಎಂದರೆ ಅಕ್ಷರ ಬಿಡಿಸಿ ಓದುವ ಶಕ್ತಿ ಗುಣಿಸು ಕೇಳಿ ತಿಳಿಯುವ ಶಕ್ತಿ. ಕೂಡಿಸುವ ಲೆಕ್ಕವಲ್ಲ, ಗುಣಿಸುವ ಲೆಕ್ಕ; ಒಂದು ಕಡೆ ಸೊನ್ನೆಗೆ ಹತ್ತಿರವಾದರೆ ಇನ್ನೊಂದು ಎಷ್ಟಿದ್ದರೂ ಗುಣಲಬ್ಧ ಸೊನ್ನೆಯ ಹತ್ತಿರವೇ. ಅಕ್ಷರ ಬಿಡಿಸಿ ಓದುವುದೇ ಕಷ್ಟವಿರುವ ಮಗುವನ್ನು ಅದು ಕೇಳಿಯೂ ತಿಳಿಯದ ಭಾಷೆಯಲ್ಲಿ ಓದಲು ಕೂರಿಸಿದರೆ ಎರಡೂ ಕಡೆ ಸೊನ್ನೆಗೆ ಇಳಿಯುತ್ತದೆ. ಎರಡು ಭಾಷೆ ಆಡುವುದರಿಂದ ಡಿಸ್ಲೆಕ್ಸಿಯಾ ಬರುವುದಿಲ್ಲ, ಆ ಭಯ ಬೇಡ. ಓದಿನ ಮೊದಲ ಮೆಟ್ಟಿಲು ಮಾತ್ರ ಮಗು ಬಲ್ಲ ಮಾತಿನಲ್ಲಿರಲಿ.

ಈ ಹುಡುಕಾಟದಲ್ಲಿ ಮಾರಾಟಗಾರರೂ ಎದುರಾಗುತ್ತಾರೆ. ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮ ಇತ್ಯಾದಿ. ಡಿಸ್ಲೆಕ್ಸಿಯಾದ ಮೂಲ ಕಣ್ಣಿನಲ್ಲಿಲ್ಲ, ಈ ಚಿಕಿತ್ಸೆಗಳಿಗೆ ಆಧಾರವಿಲ್ಲ ಎಂದು ಅಮೆರಿಕದ ಮಕ್ಕಳ ತಜ್ಞರ ಮತ್ತು ನೇತ್ರತಜ್ಞರ ಸಂಘಗಳು 2009ರಲ್ಲೇ ಒಟ್ಟಾಗಿ ಹೇಳಿವೆ. 'ಕೆಲವರು ನೋಡಿ ಕಲಿಯುತ್ತಾರೆ, ಕೆಲವರು ಕೇಳಿ ಕಲಿಯುತ್ತಾರೆ, ನಾವು ಅದಕ್ಕೆ ತಕ್ಕಂತೆ ಕಲಿಸುತ್ತೇವೆ' ಎಂಬ ಮಾತಿಗೂ ಸಾಕಷ್ಟು ಪುರಾವೆ ಇಲ್ಲವೆಂದು 2008ರ ಪರಾಮರ್ಶೆಯೊಂದು ತೋರಿಸಿದೆ. ಶಾಲೆಯ ಕರಪತ್ರದಲ್ಲಿ ಈ ವಾಕ್ಯ ಕಂಡರೆ ಗಾಬರಿಯಾಗಬೇಕಿಲ್ಲ, ಅದೊಂದೇ ಕಂಡರೆ ಯೋಚಿಸಿ.

ಸೇರಿಸುವ ಮೊದಲು ಒಂದೆರಡು ದಿನ ಮಗು ಅಲ್ಲಿ ಕೂತು ಬರಲು ಅನುಮತಿ ಕೇಳಿ. ಸಂಜೆ 'ಇಷ್ಟವಾಯಿತೇ?' ಎಂದರೆ ಹೂಂ ಎನ್ನುತ್ತದೆ, ಅಪ್ಪ ಅಮ್ಮ ಎಷ್ಟು ಅಲೆದಿದ್ದಾರೆಂದು ಅದಕ್ಕೂ ಗೊತ್ತು. ಬದಲಿಗೆ 'ನಿನಗೆ ಗೊತ್ತಾಗದೆ ಇದ್ದಾಗ ಟೀಚರ್ ಏನು ಮಾಡಿದರು?' ಎಂದು ಕೇಳಿ ನೋಡಿ.

ಸೇರಿಸಿದ ವಾರ ಇನ್ನೊಂದು ಕೆಲಸ. ಮಗುವಿನ ಮಟ್ಟದ, ಅದು ಮೊದಲು ನೋಡಿರದ ಒಂದು ಪುಟ ಕೊಟ್ಟು ಒಂದು ನಿಮಿಷ ಓದಿಸಿ ಮೊಬೈಲಿನಲ್ಲಿ ಧ್ವನಿಮುದ್ರಿಸಿ. ಸರಿಯಾಗಿ ಓದಿದ ಪದ ಎಣಿಸಿ ದಿನಾಂಕದೊಂದಿಗೆ ಬರೆದಿಡಿ. ಮೂರು ತಿಂಗಳ ನಂತರ ಅಷ್ಟೇ ಕಷ್ಟದ ಬೇರೆ ಪುಟ. ಎರಡೂ ಮುದ್ರಿಕೆಗಳನ್ನು ಹಿಡಿದು ಶಾಲೆಯ ಸಭೆಗೆ ಹೋಗಿ, ಮೇಜಿನ ಮೇಲಿಟ್ಟು ಕೇಳಿಸಿ. ಅದನ್ನು ಕೇಳಿದ ಮೇಲೆ ಅವರು ಮೊದಲು ಯಾರ ಬಗ್ಗೆ ಮಾತಾಡುತ್ತಾರೆ, ಮಗುವಿನ ಶ್ರದ್ಧೆಯ ಬಗ್ಗೆಯೋ ತಮ್ಮ ಪಾಠದ ಬಗ್ಗೆಯೋ, ಎಂಬುದನ್ನು ಗಮನಿಸಿ.